ಯಾವ ಕ್ರಿಯಾಪದ, ಎಷ್ಟು ಮತ, ಎಷ್ಟು ಸೈನಿಕರು: ಇಷ್ಟನ್ನಾದರೂ ಸುದ್ದಿಯಲ್ಲಿ ಬರೆಯಿರಿ

ಮಾನ್ಯ ಸಂಪಾದಕರೇ,

ಜಗತ್ತಿನ ಯಾವ ಮೂಲೆಯಲ್ಲಿ ಯುದ್ಧ ಹೊತ್ತಿಕೊಂಡರೂ ನಮ್ಮ ಪತ್ರಿಕೆಗಳಲ್ಲಿ ಒಂದು ವಾಕ್ಯ ತಪ್ಪದೆ ಕಾಣಿಸಿಕೊಳ್ಳುತ್ತದೆ: ‘ವಿಶ್ವಸಂಸ್ಥೆ ಕೈಕಟ್ಟಿ ಕುಳಿತಿದೆ.’ ಆ ಸಿಟ್ಟಿಗೆ ಕಾರಣವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಆ ವಾಕ್ಯದ ಕರ್ತೃಪದದ ಮೇಲೆ. ಮತಕ್ಕೆ ಕೈ ಎತ್ತುವುದು, ಸೈನಿಕರನ್ನು ಕಳಿಸುವುದು ಅಥವಾ ಕಳಿಸದಿರುವುದು, ಹಣ ಕಟ್ಟುವುದು ಅಥವಾ ಬಾಕಿ ಇಡುವುದು, ಇದೆಲ್ಲ ಹೆಸರಿರುವ ಸರ್ಕಾರಗಳ ಕೆಲಸ. ‘ವಿಶ್ವಸಂಸ್ಥೆ ವಿಫಲ’ ಎಂದು ಬರೆದ ಕೂಡಲೇ ಆ ಸರ್ಕಾರಗಳು ಹೊಣೆಯಿಂದ ನುಣುಚಿಕೊಳ್ಳುತ್ತವೆ. ಓದುಗರಿಗೆ ಉಳಿಯುವುದು ಯಾರ ಮೇಲೂ ನಾಟದ ಕೋಪ. ಆದ್ದರಿಂದ ಈ ಸುದ್ದಿಗಳನ್ನು ಬರೆಯುವಾಗ ನಾಲ್ಕೈದು ವಿವರಗಳನ್ನು ಬಿಡದೆ ಕೊಡಬೇಕೆಂದು ಕೋರಿ, ಅವು ಏಕೆ ಬೇಕೆಂಬುದನ್ನು ಕೊಂಚ ವಿವರವಾಗಿಯೇ ಬರೆಯುತ್ತಿದ್ದೇನೆ.

ಭದ್ರತಾ ಮಂಡಳಿಯ ನಿರ್ಣಯದಿಂದಲೇ ಶುರು ಮಾಡೋಣ. ಮಂಡಳಿಯಲ್ಲಿ 15 ಸದಸ್ಯರು; ಐವರು ಕಾಯಂ, ಉಳಿದ ಹತ್ತು ದೇಶಗಳು ಎರಡು ವರ್ಷಕ್ಕೆ ಆಯ್ಕೆಯಾಗಿ ಬರುವವು. ಪ್ರತಿ ವಿಷಯಕ್ಕೂ ಕರಡು ಬರೆಯುವ ದೇಶವೊಂದಿರುತ್ತದೆ, ಅಲ್ಲಿನವರು ಅದನ್ನು ಪೆನ್‌ಹೋಲ್ಡರ್ ಎನ್ನುತ್ತಾರೆ. ಬಹುಪಾಲು ಕಡತಗಳ ಲೇಖನಿ ಫ್ರಾನ್ಸ್, ಬ್ರಿಟನ್, ಅಮೆರಿಕದ ಕೈಯಲ್ಲೇ ಇದೆ. ಕರಡು ಎಲ್ಲರ ಕೈಗೂ ಹೋಗಿ, ತಿದ್ದುಪಡಿಯಾಗಿ, ‘ಇಂತಿಷ್ಟು ಗಂಟೆಯೊಳಗೆ ಯಾರೂ ಮಾತಾಡದಿದ್ದರೆ ಒಪ್ಪಿಗೆ’ ಎಂಬ ಮೌನದ ಗಡುವು ದಾಟಿ, ಕೊನೆಗೆ ಮತಕ್ಕೆ ಬರುತ್ತದೆ. ಅಂಗೀಕಾರವಾಗಲು ಒಂಬತ್ತು ಮತ ಬೇಕು, ಕಾಯಂ ಸದಸ್ಯರ ಪೈಕಿ ಯಾರೂ ವಿರುದ್ಧ ಮತ ಹಾಕಿರಬಾರದು. ಕಾಯಂ ಸದಸ್ಯ ಮತದಾನದಿಂದ ದೂರ ಉಳಿದರೆ ಅದು ವೀಟೊ ಆಗುವುದಿಲ್ಲ. 1971ರಲ್ಲಿ ನಮೀಬಿಯಾ ಕುರಿತ ಅಭಿಪ್ರಾಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೇ ಇದನ್ನು ಎತ್ತಿಹಿಡಿದಿದೆ. ಇನ್ನೊಂದು ಕಡೆ, ಯಾರೂ ವೀಟೊ ಹಾಕದೆಯೂ ನಿರ್ಣಯ ಬಿದ್ದುಹೋಗಬಹುದು. ಏಳು ದೇಶಗಳು ದೂರ ಉಳಿದರೆ ಸಾಕು, ಒಂಬತ್ತು ಮತ ಆಗುವುದೇ ಇಲ್ಲ. ‘ನಿರ್ಣಯಕ್ಕೆ ಸೋಲು’ ಎಂಬ ಶೀರ್ಷಿಕೆ ಈ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಮೊದಲನೆಯದರಲ್ಲಿ ತಡೆದದ್ದು ಒಂದೇ ದೇಶ, ಎರಡನೆಯದರಲ್ಲಿ ಏಳು ದೇಶಗಳು ಜಾರಿಕೊಂಡಿರುತ್ತವೆ.

ಅಂಗೀಕಾರವಾದ ನಿರ್ಣಯದಲ್ಲಿ ನೋಡಬೇಕಾದದ್ದು ಕ್ರಿಯಾಪದ. ‘ಕಳವಳ ವ್ಯಕ್ತಪಡಿಸುತ್ತದೆ’, ‘ಖಂಡಿಸುತ್ತದೆ’, ‘ಕರೆ ನೀಡುತ್ತದೆ’, ‘ಆಗ್ರಹಿಸುತ್ತದೆ’, ‘ನಿರ್ಧರಿಸುತ್ತದೆ’ ಇವೆಲ್ಲ ಬೇರೆ ಬೇರೆ ತೂಕದ ಮಾತುಗಳು. ಮಂಡಳಿಯ ನಿರ್ಧಾರಗಳನ್ನು ಪಾಲಿಸುತ್ತೇವೆಂದು ಸದಸ್ಯ ದೇಶಗಳು ವಿಶ್ವಸಂಸ್ಥೆಯ ಸ್ಥಾಪನಾ ಒಪ್ಪಂದವಾದ ಸನ್ನದಿನ 25ನೇ ವಿಧಿಯಲ್ಲಿ ಒಪ್ಪಿವೆ. ‘ಏಳನೇ ಅಧ್ಯಾಯದಡಿ ನಿರ್ಧರಿಸುತ್ತದೆ’ ಎಂದಿದ್ದರೆ ಸಂಶಯಕ್ಕೆ ಎಡೆಯಿಲ್ಲ. ಆ ಅಧ್ಯಾಯದ 41ನೇ ವಿಧಿ ನಿರ್ಬಂಧಗಳಿಗೆ, 42ನೇ ವಿಧಿ ಸೇನಾಬಲಕ್ಕೆ ದಾರಿ ಕೊಡುತ್ತದೆ. ಆರನೇ ಅಧ್ಯಾಯ ಸಂಧಾನ, ಮಧ್ಯಸ್ಥಿಕೆಗಳದ್ದು. ಅದರಡಿ ಮತ ಹಾಕುವಾಗ ವಿವಾದದಲ್ಲಿ ತಾನೇ ಪಕ್ಷಗಾರನಾದ ದೇಶ ದೂರ ಉಳಿಯಬೇಕೆಂದು 27ನೇ ವಿಧಿ ಹೇಳುತ್ತದೆ. ಏಳನೇ ಅಧ್ಯಾಯಕ್ಕೆ ಆ ಕಟ್ಟಳೆ ಇಲ್ಲ. ಯುದ್ಧ ಮಾಡುತ್ತಿರುವ ಕಾಯಂ ಸದಸ್ಯ ದೇಶವೇ ತನ್ನ ವಿರುದ್ಧದ ಕ್ರಮವನ್ನು ವೀಟೊ ಹಾಕಿ ತಡೆಯಬಲ್ಲದು ಏಕೆಂದರೆ 1945ರಲ್ಲಿ ಬರೆದ ಈ ಸಾಲು ಇಂದಿಗೂ ಹಾಗೆಯೇ ಇದೆ.

ಕ್ರಿಯಾಪದ ಎಷ್ಟು ಜೀವಗಳ ಪ್ರಶ್ನೆಯಾಗಬಲ್ಲದು ಎಂಬುದಕ್ಕೆ ಬೋಸ್ನಿಯಾದ ಸ್ರೆಬ್ರೆನಿತ್ಸಾ ಊರನ್ನೇ ನೋಡಬೇಕು. 1993ರ ಏಪ್ರಿಲ್ 16ರಂದು 819ನೇ ನಿರ್ಣಯ ಅದನ್ನು ‘ಸುರಕ್ಷಿತ ಪ್ರದೇಶ’ ಎಂದು ಕರೆಯಿತು. ಜೂನ್‌ನಲ್ಲಿ ಬಂದ 836ನೇ ನಿರ್ಣಯ ವಿಶ್ವಸಂಸ್ಥೆಯ ಶಾಂತಿಪಾಲಕ ಸೈನಿಕರಿಗೆ ಕೊಟ್ಟ ಕೆಲಸ ಅಂಥ ಪ್ರದೇಶಗಳ ಮೇಲಿನ ದಾಳಿಯನ್ನು ‘ಹಿಮ್ಮೆಟ್ಟುವಂತೆ ಎಚ್ಚರಿಸಿ ತಡೆಯುವುದು’. ‘ರಕ್ಷಿಸಬೇಕು’ ಎಂಬ ಮಾತನ್ನು ಬೇಕೆಂದೇ ಬಳಸಿರಲಿಲ್ಲ. ಬಲಪ್ರಯೋಗವನ್ನು ‘ಆತ್ಮರಕ್ಷಣೆಗಾಗಿ’ ಎಂಬ ಮಾತಿಗೆ ಗಂಟು ಹಾಕಲಾಗಿತ್ತು. ಈ ಕೆಲಸವನ್ನು ನಿಜವಾಗಿ ಮಾಡಲು ಹೆಚ್ಚುವರಿಯಾಗಿ 34,000 ಸೈನಿಕರು ಬೇಕೆಂದು ಸೇನಾಧಿಕಾರಿಗಳು ಲೆಕ್ಕ ಕೊಟ್ಟರು. ಮಂಡಳಿ ಒಪ್ಪಿದ್ದು 7,600. ಅಷ್ಟು ಜನ ಬಂದು ಸೇರುವುದಕ್ಕೂ ಒಂದು ವರ್ಷ ಹಿಡಿಯಿತು. 1995ರ ಜುಲೈನಲ್ಲಿ ಊರು ಬಿದ್ದಾಗ ಅಲ್ಲಿದ್ದವರು ಹಗುರ ಶಸ್ತ್ರಗಳ ಕೆಲವೇ ನೂರು ಡಚ್ ಸೈನಿಕರು. 8,000ದಷ್ಟು ಗಂಡಸರನ್ನೂ ಹುಡುಗರನ್ನೂ ಕೊಲ್ಲಲಾಯಿತು. ‘ಸುರಕ್ಷಿತ’ ಎಂಬ ಪದವನ್ನು ನಂಬಿ ಜನ ಆ ಊರಿನಲ್ಲಿ ಉಳಿದಿದ್ದರು. ನಿರ್ಣಯದ ಕ್ರಿಯಾಪದ ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅದರ ಹಿಂದಿನ ವರ್ಷದ ರುವಾಂಡಾದಲ್ಲಿ ಕೆಟ್ಟದ್ದು ಸಂಖ್ಯೆ. ಏಪ್ರಿಲ್ 1994ರಲ್ಲಿ ನರಮೇಧ ಶುರುವಾದಾಗ ಅಲ್ಲಿ ಸುಮಾರು 2,500 ಶಾಂತಿಪಾಲಕರಿದ್ದರು. ಕೊಲೆಗಳು ನಡೆಯುತ್ತಿರುವಾಗಲೇ, ಏಪ್ರಿಲ್ 21ರಂದು, ಮಂಡಳಿ 912ನೇ ನಿರ್ಣಯದಿಂದ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಕೊಲೆಗಡುಕ ಸರ್ಕಾರದ ಪ್ರತಿನಿಧಿ ಆ ವರ್ಷ ಮಂಡಳಿಯ ಚುನಾಯಿತ ಸದಸ್ಯನಾಗಿ ಅದೇ ಮೇಜಿನಲ್ಲಿ ಕುಳಿತಿದ್ದ. ಜಗತ್ತಿನ ಕಣ್ಣು ತೆರೆದ ಮೇಲೆ, ಮೇ 17ರಂದು, 5,500 ಸೈನಿಕರಿಗೆ ಮಂಜೂರಾತಿ ಸಿಕ್ಕಿತು. ಜುಲೈ 25ಕ್ಕೆ ಅಲ್ಲಿದ್ದವರು 550, ಮಂಜೂರಾದದ್ದರ ಹತ್ತನೇ ಒಂದು ಪಾಲು. ಅಷ್ಟರಲ್ಲಿ ಸುಮಾರು 8 ಲಕ್ಷ ಜನ ಸತ್ತಿದ್ದರು. ಮಂಜೂರಾತಿಯ ಸುದ್ದಿಯನ್ನಷ್ಟೇ ಓದಿದವರಿಗೆ ನೆರವು ಹೊರಟಿದೆ ಎನಿಸಿರಬೇಕು. ‘ಇಷ್ಟು ಸೈನಿಕರಿಗೆ ಒಪ್ಪಿಗೆ’ ಎಂಬ ಸುದ್ದಿಯ ಜೊತೆಗೆ ‘ಈವರೆಗೆ ಬಂದವರು ಇಷ್ಟು’ ಎಂಬ ಅಂಕಿ ಇರಲೇಬೇಕೆಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಈ ಅಂತರ ಹುಟ್ಟುವುದು ಹೇಗೆ? ವಿಶ್ವಸಂಸ್ಥೆಗೆ ಸ್ವಂತ ಸೇನೆಯಿಲ್ಲ. ದೇಶಗಳು ಮೊದಲೇ ಒಪ್ಪಂದ ಮಾಡಿಕೊಂಡು ಸೇನೆಯನ್ನು ಮಂಡಳಿಗೆ ಒದಗಿಸಬೇಕೆಂಬ 43ನೇ ವಿಧಿ ಕಾಗದದಲ್ಲೇ ಉಳಿದಿದೆ, ಅಂಥ ಒಂದು ಒಪ್ಪಂದವೂ ಆಗಿಲ್ಲ. ಹೀಗಾಗಿ ಪ್ರತಿ ನಿರ್ಣಯದ ಮೇಲೂ ಅಧಿಕಾರಿಗಳು ದೇಶದಿಂದ ದೇಶಕ್ಕೆ ಹೋಗಿ ಕೇಳಬೇಕು: ಒಂದು ಪದಾತಿ ದಳ ಕೊಡುತ್ತೀರಾ, ಹೆಲಿಕಾಪ್ಟರ್ ಇದೆಯೇ, ಫೀಲ್ಡ್ ಆಸ್ಪತ್ರೆ ಇದೆಯೇ ಎಂದು. ಪದಾತಿ ಸೈನಿಕರು ಸಿಗುತ್ತಾರೆ. ಸಿಗದೆ ಒದ್ದಾಡುವುದು ಹೆಲಿಕಾಪ್ಟರ್, ಎಂಜಿನಿಯರಿಂಗ್ ತುಕಡಿ, ವೈದ್ಯಕೀಯ ಘಟಕಗಳಿಗೆ. ಕಳಿಸಿದ ದೇಶಕ್ಕೆ ಪ್ರತಿ ಸೈನಿಕನಿಗೂ ತಿಂಗಳಿಗೆ ಇಷ್ಟು ಎಂದು ಒಂದೇ ದರದಲ್ಲಿ ಮರುಪಾವತಿಯಾಗುತ್ತದೆ. 2018ರಲ್ಲಿ ಅದು 1,428 ಡಾಲರ್ ಎಂದು ನಿಗದಿಯಾಗಿತ್ತು, ಆಮೇಲೆ ಅಲ್ಪ ಏರಿದೆ. ವಾಹನ, ಜನರೇಟರ್, ಡೇರೆಗಳಿಗೆ ಬೇರೆ ಬಾಡಿಗೆ. ತಪಾಸಣೆಯಲ್ಲಿ ವಾಹನ ಕೆಟ್ಟು ನಿಂತಿದ್ದರೆ ಆ ಬಾಡಿಗೆ ಕಡಿತ. ನಿರ್ಣಯವಾದ 30 ದಿನಗಳಲ್ಲಿ, ಜಟಿಲ ಕಾರ್ಯಾಚರಣೆಯಾದರೆ 90 ದಿನಗಳಲ್ಲಿ, ಪಡೆ ನೆಲ ಮುಟ್ಟಬೇಕೆಂದು ಶಾಂತಿಪಾಲನೆಯ ಸುಧಾರಣೆ ಕುರಿತ 2000ದ ಬ್ರಾಹಿಮಿ ವರದಿ ಹೇಳಿತ್ತು. ಆ ಗಡುವು ಪದೇ ಪದೇ ಮೀರುತ್ತಲೇ ಬಂದಿದೆ. ಬಂದ ತುಕಡಿಗಳಿಗೂ ತಮ್ಮ ರಾಜಧಾನಿಯಿಂದ ಷರತ್ತುಗಳಿರುತ್ತವೆ: ರಾತ್ರಿ ಗಸ್ತು ಬೇಡ, ಇಂಥ ಜಿಲ್ಲೆ ದಾಟಬೇಡಿ. ಪಡೆಯ ಕಮಾಂಡರ್ ಆದೇಶ ಕೊಟ್ಟಾಗ ‘ನಮ್ಮ ರಾಜಧಾನಿಯನ್ನು ಕೇಳಬೇಕು’ ಎಂಬ ಉತ್ತರ ಬಂದರೆ, ಹಳ್ಳಿಯೊಂದು ಉರಿಯುತ್ತಿರುವ ಹೊತ್ತಿನಲ್ಲಿ ಗಂಟೆಗಳು ಕಳೆದುಹೋಗುತ್ತವೆ. ಅಂದಹಾಗೆ, ಇಂದು ಅತಿ ಹೆಚ್ಚು ಶಾಂತಿಪಾಲಕರನ್ನು ಕಳಿಸುವ ದೇಶಗಳಲ್ಲಿ ನೇಪಾಳ, ಬಾಂಗ್ಲಾದೇಶ, ಭಾರತಗಳ ಜೊತೆ ರುವಾಂಡಾವೂ ಇದೆ. ಕೈಬಿಡುವುದೆಂದರೇನು ಎಂಬುದನ್ನು ಅನುಭವಿಸಿದ ನಾಡು ಅದು.

ಶಾಂತಿಪಾಲನೆ ನಿಂತಿರುವುದು ಆತಿಥೇಯ ದೇಶದ ಒಪ್ಪಿಗೆಯ ಮೇಲೆ. ಒಪ್ಪಿಗೆ ಹಿಂತೆಗೆದರೆ ಪಡೆ ಹೊರಡಬೇಕು. 1956ರ ಸೂಯೆಜ್ ಬಿಕ್ಕಟ್ಟಿನ ನಂತರ ಈಜಿಪ್ಟ್ ನೆಲದಲ್ಲಿ ನಿಂತಿದ್ದ ಪಡೆಯನ್ನು 1967ರ ಮೇನಲ್ಲಿ ಈಜಿಪ್ಟ್ ವಾಪಸ್ ಕಳಿಸಿತು. ಗಡಿಯ ಇನ್ನೊಂದು ಬದಿಯಲ್ಲಿ, ತನ್ನ ನೆಲದಲ್ಲಿ, ಆ ಪಡೆ ನಿಲ್ಲಲು ಇಸ್ರೇಲ್ ಮೊದಲೇ ಒಪ್ಪಿರಲಿಲ್ಲ. ಜೂನ್ 5ಕ್ಕೆ ಯುದ್ಧ ಶುರುವಾಯಿತು. ಮಾಲಿಯಲ್ಲೂ ಅದೇ ಕಥೆ. ಹತ್ತು ವರ್ಷ ಇದ್ದು 300ಕ್ಕೂ ಹೆಚ್ಚು ಸಿಬ್ಬಂದಿಯನ್ನು ಕಳೆದುಕೊಂಡ ಪಡೆಗೆ 2023ರ ಜೂನ್‌ನಲ್ಲಿ ಸರ್ಕಾರ ಹೊರಡಲು ಹೇಳಿತು, ಆ ವರ್ಷದ ಡಿಸೆಂಬರ್ 31ರೊಳಗೆ ಗಂಟುಮೂಟೆ ಕಟ್ಟಬೇಕಾಯಿತು. ಇಂಥದ್ದನ್ನು ‘ವಿಶ್ವಸಂಸ್ಥೆ ಪಲಾಯನ’ ಎಂದು ಬರೆಯುವುದು ತಪ್ಪು.

ಪಡೆಗಳ ಸ್ವಂತ ತಪ್ಪುಗಳನ್ನು ಮುಚ್ಚಿಡಬೇಕೆಂದು ಹೇಳುತ್ತಿಲ್ಲ. 2010ರ ಅಕ್ಟೋಬರ್‌ನಲ್ಲಿ ಹೈಟಿಯಲ್ಲಿ ಶಾಂತಿಪಾಲಕರ ಶಿಬಿರವೊಂದರ ಮಲಿನ ನೀರು ನದಿ ಸೇರಿ ಕಾಲರಾ ಹರಡಿತು. ಸತ್ತವರು 10,000ದ ಸುಮಾರು. ಶೌಚಗುಂಡಿಯ ನಿರ್ವಹಣೆ, ಸೈನಿಕರ ಆರೋಗ್ಯ ತಪಾಸಣೆ ಇಂಥ ಸಣ್ಣದೆನಿಸುವ ಕೆಲಸಗಳಲ್ಲಿ ಆದ ಲೋಪ ಅದು. ಕ್ಷಮೆ ಕೇಳಲು ಸಂಸ್ಥೆಗೆ 2016ರ ಡಿಸೆಂಬರ್‌ವರೆಗೆ ಬೇಕಾಯಿತು, ಕಾನೂನಿನ ರಕ್ಷಾಕವಚದಿಂದಾಗಿ ನೊಂದವರಿಗೆ ನ್ಯಾಯಾಲಯದ ಬಾಗಿಲೂ ತೆರೆಯಲಿಲ್ಲ. ಸೈನಿಕರು ಲೈಂಗಿಕ ದೌರ್ಜನ್ಯ ಎಸಗಿದಾಗ ವಿಚಾರಣೆಯ ಅಧಿಕಾರ ಅವರನ್ನು ಕಳಿಸಿದ ದೇಶಕ್ಕೆ ಮಾತ್ರ. 2016ರ 2272ನೇ ನಿರ್ಣಯದ ಪ್ರಕಾರ ಇಡೀ ತುಕಡಿಯನ್ನೇ ವಾಪಸ್ ಕಳಿಸಬಹುದು, ಜೈಲಿಗೆ ಕಳಿಸಲಾಗದು. ಇಲ್ಲಿ ಪತ್ರಿಕೆ ಕೇಳಬೇಕಾದ ಪ್ರಶ್ನೆ ಒಂದೇ: ಊರಿಗೆ ಮರಳಿದ ಮೇಲೆ ಆ ಸೈನಿಕನ ಮೇಲೆ ಅವನ ದೇಶದಲ್ಲಿ ಮೊಕದ್ದಮೆ ಹೂಡಿದರೇ?

ಯಶಸ್ಸುಗಳೂ ಇವೆ, ಅವು ಸದ್ದು ಮಾಡುವುದಿಲ್ಲ. ನಮೀಬಿಯಾದಲ್ಲಿ 1989ರ ಏಪ್ರಿಲ್‌ನಿಂದ 1990ರ ಮಾರ್ಚ್‌ವರೆಗೆ ವಿಶ್ವಸಂಸ್ಥೆಯ ತಂಡ ಸೇನೆಗಳನ್ನು ಹಿಂದೆ ಕಳಿಸಿ, ಮತದಾರರನ್ನು ನೋಂದಾಯಿಸಿ, ಚುನಾವಣೆ ನಡೆಯುವುದನ್ನು ಕಾದು, ಸ್ವತಂತ್ರ ದೇಶವೊಂದು ಹುಟ್ಟುವವರೆಗೆ ಇದ್ದು ಬಂತು. ಮತ ಚಲಾಯಿಸಿದವರು ನೂರಕ್ಕೆ 97ಕ್ಕಿಂತ ಹೆಚ್ಚು. ಅದು ಫಲಿಸಿದ್ದು ಪಕ್ಷಗಾರರೆಲ್ಲ ಮೊದಲೇ ಒಪ್ಪಂದಕ್ಕೆ ಬಂದಿದ್ದರಿಂದ, ಯಾವ ಕೆಲಸ ಯಾವ ದಿನಕ್ಕೆ ಎಂಬ ಪಟ್ಟಿ ಕೈಯಲ್ಲಿದ್ದುದರಿಂದ. ಬಕಾಸಿ ಪರ್ಯಾಯ ದ್ವೀಪಕ್ಕಾಗಿ ನೈಜೀರಿಯಾ, ಕ್ಯಾಮರೂನ್ ನಡುವೆ ಎದ್ದಿದ್ದ ಜಗಳ 2002ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪಿಗೆ ಬಂತು. ಸೋತ ನೈಜೀರಿಯಾ ದೊಡ್ಡ ದೇಶ, ತೀರ್ಪು ಧಿಕ್ಕರಿಸಬಹುದಿತ್ತು. ವಿಶ್ವಸಂಸ್ಥೆಯ ಅಧ್ಯಕ್ಷತೆಯ ಜಂಟಿ ಆಯೋಗ ವರ್ಷಗಟ್ಟಲೆ ಕೂತು ಮಾತಾಡಿಸಿತು, 2006ರಲ್ಲಿ ಒಪ್ಪಂದವಾಯಿತು, 2008ರ ಆಗಸ್ಟ್ 14ಕ್ಕೆ ಹಸ್ತಾಂತರ ಪೂರ್ಣವಾಯಿತು. ರಾಸಾಯನಿಕ ಅಸ್ತ್ರ ನಿಷೇಧ ಸಂಘಟನೆ ಎಂಬ ಇನ್ನೊಂದು ಅಂತರಸರ್ಕಾರಿ ಸಂಸ್ಥೆ ಸದಸ್ಯ ದೇಶಗಳು ಘೋಷಿಸಿದ್ದ 72,000 ಟನ್‌ಗೂ ಮೀರಿದ ದಾಸ್ತಾನು ನಾಶವಾಗುವುದನ್ನು ಸ್ಥಳದಲ್ಲೇ ನಿಂತು ಪರಿಶೀಲಿಸಿ, 2023ರ ಜುಲೈ 7ಕ್ಕೆ ಆ ಕೆಲಸ ಮುಗಿಸಿತು. ‘ಘೋಷಿಸಿದ್ದ’ ಎಂಬ ಪದ ಇಲ್ಲಿ ಮುಖ್ಯ. ಘೋಷಿಸದೆ ಬಚ್ಚಿಟ್ಟದ್ದನ್ನು ಹುಡುಕಲು ದಿಢೀರ್ ತಪಾಸಣೆಯ ಅವಕಾಶ ಆ ಒಪ್ಪಂದದಲ್ಲಿದೆ. ಒಂದು ದೇಶವೂ ಈತನಕ ಅದನ್ನು ಕೇಳಿಲ್ಲ.

ವೀಟೊ ಬಿದ್ದ ಮೇಲೆ ದಾರಿಯೇ ಮುಚ್ಚಿತು ಎನ್ನುವುದೂ ಪೂರ್ತಿ ನಿಜವಲ್ಲ. 1950ರ ‘ಶಾಂತಿಗಾಗಿ ಒಗ್ಗಟ್ಟು’ ನಿರ್ಣಯದಡಿ, ಎಲ್ಲ ಸದಸ್ಯ ದೇಶಗಳೂ ಕೂರುವ ಸಾಮಾನ್ಯ ಸಭೆಯ ತುರ್ತು ವಿಶೇಷ ಅಧಿವೇಶನವನ್ನು 24 ಗಂಟೆಯೊಳಗೆ ಕರೆಯಬಹುದು. ಮಂಡಳಿ ಹೀಗೆ ಕರೆದಾಗ ಅದು ಕಾರ್ಯವಿಧಾನದ ಮತವಾದ್ದರಿಂದ ವೀಟೊ ನಡೆಯದು. ಉಕ್ರೇನ್ ವಿಚಾರದಲ್ಲಿ ಆದದ್ದು ಇದೇ: 2022ರ ಮಾರ್ಚ್ 2ರಂದು 141 ದೇಶಗಳು ಪರ, 5 ವಿರುದ್ಧ, 35 ದೂರ. ಅದೇ ಏಪ್ರಿಲ್‌ನಿಂದ ಮಂಡಳಿಯಲ್ಲಿ ಯಾರೇ ವೀಟೊ ಹಾಕಲಿ, ಹತ್ತು ಕೆಲಸದ ದಿನಗಳಲ್ಲಿ ಸಾಮಾನ್ಯ ಸಭೆ ಸೇರಿ ಅದನ್ನು ಚರ್ಚಿಸುವ ಪದ್ಧತಿ ಬಂದಿದೆ. ಸಾಮಾನ್ಯ ಸಭೆಯ ಇಂಥ ನಿರ್ಣಯಗಳನ್ನು ಬಲವಂತವಾಗಿ ಜಾರಿ ಮಾಡಲಾಗದು. ಆದರೂ ಯಾವ ದೇಶ ಎಲ್ಲಿ ನಿಂತಿತು ಎಂಬುದು ದಾಖಲೆಯಾಗಿ ಉಳಿಯುತ್ತದೆ, ಪ್ರಜೆಗಳು ತಮ್ಮ ಸರ್ಕಾರವನ್ನು ಕೇಳಲು ಅದು ಆಧಾರ.

ಹಣದ ವಿಚಾರಕ್ಕೆ ಪತ್ರಿಕೆಗಳಲ್ಲಿ ಜಾಗವೇ ಸಿಗುವುದಿಲ್ಲ. ಜುಲೈನಿಂದ ಜೂನ್‌ವರೆಗಿನ 2024–25ರ ಶಾಂತಿಪಾಲನಾ ಬಜೆಟ್ ಸುಮಾರು 560 ಕೋಟಿ ಡಾಲರ್. ಜಗತ್ತಿನ ಒಟ್ಟು ಸೇನಾ ವೆಚ್ಚ 2024ರಲ್ಲಿ 2.7 ಲಕ್ಷ ಕೋಟಿ ಡಾಲರ್ ದಾಟಿತ್ತು, ಅಂದರೆ ಶಾಂತಿಪಾಲನೆಯದ್ದು ಅದರಲ್ಲಿ ಸಾವಿರಕ್ಕೆ ಎರಡರಷ್ಟು. ಅದೂ ಹೊತ್ತಿಗೆ ಬರುವುದಿಲ್ಲ. ಅತಿ ದೊಡ್ಡ ಪಾಲುದಾರ ಅಮೆರಿಕ ತನ್ನದೇ ಕಾನೂನಿನಿಂದ ಶಾಂತಿಪಾಲನೆಯ ವಂತಿಗೆಗೆ ಶೇ 25ರ ಮಿತಿ ಹಾಕಿಕೊಂಡಿದೆ, ವಿಶ್ವಸಂಸ್ಥೆ ಅದಕ್ಕೆ ನಿಗದಿ ಮಾಡಿರುವ ಪಾಲು ಅದಕ್ಕಿಂತ ಹೆಚ್ಚು. ವ್ಯತ್ಯಾಸ ಬಾಕಿಯಾಗಿ ಬೆಳೆಯುತ್ತದೆ. ಖಜಾನೆ ಬರಿದಾದಾಗ ಮೊದಲು ತಡವಾಗುವುದು ಸೈನಿಕರನ್ನು ಕಳಿಸಿದ ದೇಶಗಳಿಗೆ ಸಲ್ಲಬೇಕಾದ ಮರುಪಾವತಿ. ಹೀಗೆ ಬಡ ದೇಶಗಳೇ ಸಂಸ್ಥೆಗೆ ಸಾಲ ಕೊಟ್ಟಂತಾಗುತ್ತದೆ. ಇನ್ನೂ ವಿಚಿತ್ರವಾದ ನಿಯಮವೊಂದಿದೆ: ವರ್ಷದ ಬಜೆಟ್‌ನಲ್ಲಿ ಖರ್ಚಾಗದೆ ಉಳಿದ ಮೊತ್ತವನ್ನು ಸದಸ್ಯ ದೇಶಗಳ ಲೆಕ್ಕಕ್ಕೆ ಹಿಂತಿರುಗಿಸಬೇಕು. ಹಣ ಕೈಗೆ ಬಾರದ್ದರಿಂದ ನೇಮಕಾತಿ ನಿಲ್ಲುತ್ತದೆ, ಖರ್ಚಾಗಲಿಲ್ಲ ಎಂಬ ಕಾರಣಕ್ಕೆ ಮುಂದೆ ಅದು ದೇಶಗಳಿಗೆ ಜಮೆಯಾಗುತ್ತದೆ. ಎರಡು ವರ್ಷದ ವಂತಿಗೆಯಷ್ಟು ಬಾಕಿ ಉಳಿಸಿಕೊಂಡ ದೇಶ 19ನೇ ವಿಧಿಯಡಿ ಸಾಮಾನ್ಯ ಸಭೆಯಲ್ಲಿ ಮತ ಕಳೆದುಕೊಳ್ಳಬಹುದು, ಆ ಗೆರೆ ಮುಟ್ಟದಂತೆ ಲೆಕ್ಕ ಹಾಕಿ ಕಟ್ಟುವವರೂ ಇದ್ದಾರೆ.

ಮಾನವ ಹಕ್ಕುಗಳ ಕೆಲಸಕ್ಕೆ ವಿಶ್ವಸಂಸ್ಥೆಯ ನಿಯತ ಬಜೆಟ್‌ನಲ್ಲಿ ಸಿಗುವುದು ನೂರಕ್ಕೆ ಸುಮಾರು ಐದು. ಇಲ್ಲಿ ಪತ್ರಿಕೆಗಳು ಮಾಡುವ ದೊಡ್ಡ ಗೊಂದಲ ‘ಮಂಡಳಿ’ ಮತ್ತು ‘ಸಮಿತಿ’ಯದು. ಮಾನವ ಹಕ್ಕುಗಳ ಮಂಡಳಿ 47 ಸರ್ಕಾರಗಳದ್ದು, 2006ರಲ್ಲಿ ಹುಟ್ಟಿದ್ದು. ಮಾನವ ಹಕ್ಕುಗಳ ಸಮಿತಿ 18 ಸ್ವತಂತ್ರ ತಜ್ಞರದ್ದು, 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ಪಾಲನೆಯನ್ನು ನೋಡುವುದು. ಇದಲ್ಲದೆ ಒಂದು ವಿಷಯ ಅಥವಾ ಒಂದು ದೇಶದ ಮೇಲೆ ಕಣ್ಣಿಡಲು ಮಾನವ ಹಕ್ಕುಗಳ ಮಂಡಳಿ ನೇಮಿಸುವ ವಿಶೇಷ ವರದಿಗಾರರಿದ್ದಾರೆ. ಅವರಿಗೆ ಸಂಬಳವಿಲ್ಲ, ವಿಶ್ವಸಂಸ್ಥೆಯ ನೌಕರರೂ ಅಲ್ಲ, ಒಂದು ಹೊಣೆಯಲ್ಲಿ ಆರು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ಸರ್ಕಾರದ ಆಹ್ವಾನವಿಲ್ಲದೆ ದೇಶಕ್ಕೆ ಭೇಟಿ ಕೊಡುವಂತಿಲ್ಲ. ಆದರೆ ಸರ್ಕಾರಕ್ಕೆ ಪತ್ರ ಬರೆಯಬಹುದು, ಸಾಮಾನ್ಯ ಆರೋಪದ ಪತ್ರಕ್ಕೆ ಉತ್ತರಿಸಲು 60 ದಿನಗಳ ಗಡುವು, ಆಮೇಲೆ ಪತ್ರವೂ ಉತ್ತರವೂ ಸಾರ್ವಜನಿಕ. ಇವರಲ್ಲೊಬ್ಬರು ಆಡಿದ ಮಾತನ್ನು ‘ವಿಶ್ವಸಂಸ್ಥೆ ಹೇಳಿದೆ’ ಎಂದು ಬರೆದರೆ ಓದುಗರಿಗೆ ಅದರ ತೂಕ ತಿಳಿಯುವುದಿಲ್ಲ.

ಪ್ರತಿ ದೇಶವೂ ನಾಲ್ಕೂವರೆ ವರ್ಷಕ್ಕೊಮ್ಮೆ ಆಸುಪಾಸಿನಲ್ಲಿ ಜಿನೀವಾದಲ್ಲಿ ಮಾನವ ಹಕ್ಕುಗಳ ಪರಾಮರ್ಶೆಗೆ ಒಳಗಾಗಬೇಕು. ಮೂರೂವರೆ ಗಂಟೆಯ ಕಲಾಪ; ಮುಂದಿರುವುದು ಸರ್ಕಾರದ ವರದಿ, ವಿಶ್ವಸಂಸ್ಥೆಯ ಅಂಗಗಳ ಮಾಹಿತಿ, ನಾಗರಿಕ ಸಂಘಟನೆಗಳ ಮಾಹಿತಿ ಎಂಬ ಮೂರು ಕಡತ. ಬೇರೆ ದೇಶಗಳು ಒಂದೆರಡು ನಿಮಿಷದಲ್ಲಿ ಶಿಫಾರಸು ಹೇಳುತ್ತವೆ, ಸರ್ಕಾರ ಪ್ರತಿಯೊಂದನ್ನೂ ‘ಬೆಂಬಲಿಸಿದೆ’ ಅಥವಾ ‘ಗಮನಿಸಿದೆ’ ಎಂದು ಗುರುತು ಹಾಕುತ್ತದೆ. ‘ಗಮನಿಸಿದೆ’ ಎಂದರೆ ಒಪ್ಪಿಲ್ಲ ಎಂದರ್ಥ. ಕಲಾಪದ ದಿನ ಸುದ್ದಿ ಮಾಡಿ ಬಿಟ್ಟುಬಿಡುವ ಬದಲು, ಬೆಂಬಲಿಸಿದ ಪಟ್ಟಿಯನ್ನು ಎತ್ತಿಟ್ಟುಕೊಂಡು ಎರಡು ವರ್ಷದ ಮೇಲೆ ಏನಾಯಿತೆಂದು ಕೇಳುವುದೇ ನಿಜವಾದ ವರದಿಗಾರಿಕೆ.

ಒಬ್ಬ ವ್ಯಕ್ತಿಯೂ ಮಾನವ ಹಕ್ಕುಗಳ ಸಮಿತಿಗೆ ನೇರವಾಗಿ ದೂರು ಕೊಡಬಹುದು, ಅದಕ್ಕೆ ಅವಕಾಶ ಕೊಡುವ, 1966ರ ಒಡಂಬಡಿಕೆಯ ಐಚ್ಛಿಕ ಪ್ರೋಟೊಕಾಲ್ ಎಂಬ ಪೂರಕ ಒಪ್ಪಂದವನ್ನು ತನ್ನ ದೇಶ ಒಪ್ಪಿದ್ದರೆ. ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಅನಾಮಧೇಯ ದೂರು ನಡೆಯದು, ತನ್ನ ದೇಶದ ನ್ಯಾಯಾಲಯಗಳ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದಿರಬೇಕು ಅಥವಾ ಅಲ್ಲಿ ಪರಿಹಾರ ಅಸಾಧ್ಯವೆಂದು ತೋರಿಸಬೇಕು. ಬಹಳಷ್ಟು ದೂರುಗಳು ಬಿದ್ದುಹೋಗುವುದು ಇಲ್ಲೇ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ವಯಸ್ಕ ಪುರುಷರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಾಗಿದ್ದಾಗ ನಿಕೊಲಸ್ ಟೂನೆನ್ 1991ರ ಡಿಸೆಂಬರ್‌ನಲ್ಲಿ ಸಮಿತಿಗೆ ಬರೆದರು. 1994ರ ಮಾರ್ಚ್ 31ರಂದು ಸಮಿತಿ ಅವರ ಪರ ಅಭಿಪ್ರಾಯ ಕೊಟ್ಟಿತು. ಅದೇ ವರ್ಷ ಆಸ್ಟ್ರೇಲಿಯಾ ಸಂಸತ್ತು ಕಾನೂನು ತಂದಿತು, 1997ರಲ್ಲಿ ಟ್ಯಾಸ್ಮೇನಿಯಾ ತನ್ನ ಸೆಕ್ಷನ್ನುಗಳನ್ನು ರದ್ದುಮಾಡಿತು. ಸಮಿತಿಯ ಕೈಯಲ್ಲಿ ಒಬ್ಬ ಪೊಲೀಸನೂ ಇರಲಿಲ್ಲ. ಬರಹದ ಅಭಿಪ್ರಾಯವೊಂದನ್ನು ಹಿಡಿದುಕೊಂಡು ಅಲ್ಲಿನ ಜನ ತಮ್ಮ ಸರ್ಕಾರವನ್ನು ಬಿಡದೆ ಕೇಳಿದರು.

ಹೇಗ್‌ನ ಎರಡು ನ್ಯಾಯಾಲಯಗಳನ್ನೂ ದಯವಿಟ್ಟು ಬೆರೆಸಬೇಡಿ. ಅಂತರರಾಷ್ಟ್ರೀಯ ನ್ಯಾಯಾಲಯ ವಿಶ್ವಸಂಸ್ಥೆಯ ಅಂಗ, 15 ನ್ಯಾಯಾಧೀಶರದ್ದು, ಅಲ್ಲಿ ವಾದಿ ಪ್ರತಿವಾದಿಗಳು ದೇಶಗಳೇ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 1998ರ ರೋಮ್ ಶಾಸನದಿಂದ ಹುಟ್ಟಿ 2002ರ ಜುಲೈ 1ರಿಂದ ಜಾರಿಗೆ ಬಂದ ಪ್ರತ್ಯೇಕ ಸಂಸ್ಥೆ. ವ್ಯಕ್ತಿಗಳನ್ನು ವಿಚಾರಿಸುತ್ತದೆ, ಬಂಧಿಸಿ ತರಲು ಸದಸ್ಯ ದೇಶಗಳ ಪೊಲೀಸರೇ ಬೇಕು. ಬಂಧನದ ವಾರಂಟ್ ಇರುವ ನಾಯಕ ಸದಸ್ಯ ದೇಶಕ್ಕೆ ಬಂದು ಹೋದರೆ, ಪ್ರಶ್ನೆ ಕೇಳಬೇಕಾದದ್ದು ಆತಿಥ್ಯ ಕೊಟ್ಟ ಸರ್ಕಾರವನ್ನು.

ಇಷ್ಟಕ್ಕೆಲ್ಲ ಹೊಸ ಪುಟ ಬೇಕಿಲ್ಲ. ಸುದ್ದಿಯ ಕೆಳಗೆ ನಾಲ್ಕು ಸಾಲಿನ ಚೌಕಟ್ಟು ಸಾಕು: ನಿರ್ಣಯದ ಸಂಖ್ಯೆ ಮತ್ತು ಅದರ ಮುಖ್ಯ ಕ್ರಿಯಾಪದ, ಪರ ವಿರುದ್ಧ ದೂರ ಉಳಿದ ದೇಶಗಳ ಹೆಸರು, ಮಂಜೂರಾದ ಮತ್ತು ಬಂದು ಸೇರಿದ ಸೈನಿಕರ ಸಂಖ್ಯೆ, ಪಡೆಗೆ ಮಂಡಳಿ ಕೊಟ್ಟ ಕಾರ್ಯಾದೇಶ ಮುಗಿಯುವ ದಿನಾಂಕ. ಇವೆಲ್ಲ ವಿಶ್ವಸಂಸ್ಥೆಯ ಸಾರ್ವಜನಿಕ ದಾಖಲೆಗಳಲ್ಲೇ ಸಿಗುತ್ತವೆ. ಕೊನೆಯ ದಿನಾಂಕವನ್ನಂತೂ ಬಿಡಬೇಡಿ. ಪಡೆಯನ್ನು ಮುಂದುವರಿಸಬೇಕೋ ಬೇಡವೋ ಎಂಬ ಚೌಕಾಶಿ ನಡೆಯುವುದು ಆ ದಿನದ ಹಿಂದಿನ ಕೆಲವು ವಾರಗಳಲ್ಲಿ. ಓದುಗರು ತಮ್ಮ ಪ್ರತಿನಿಧಿಗಳಿಗೆ ಬರೆಯುವುದಿದ್ದರೆ ಆಗಲೇ ಬರೆಯಬೇಕು.

ಇತಿ ತಮ್ಮ ವಿಶ್ವಾಸಿ,
ಅಂತರರಾಷ್ಟ್ರೀಯ ಕಾನೂನಿನ ಅಧ್ಯಾಪಕ